ಪ್ರಶ್ನೋತ್ತರ: ತಗಡಿನ ಗೋಡೆಯಲ್ಲಿ ಬಾಗಿಲಿನ ಅಂಚುಪಟ್ಟಿ

ಅಡಿಕೆ ದಾಸ್ತಾನು, ಕೊಟ್ಟಿಗೆ, ವರ್ಕ್‌ಶಾಪು, ತೋಟದ ಶೆಡ್ಡು ಹೀಗೆ ಅನೇಕ ಕಡೆ ಚಾವಣಿಯ ಜೊತೆಗೆ ಗೋಡೆಗೂ ಅಲೆ ಅಲೆಯಾದ ತಗಡಿನ ಶೀಟನ್ನೇ ಹೊದಿಸುವುದು ಈಗ ವಾಡಿಕೆಯಾಗಿದೆ. ಶೀಟು ಹೊದಿಸುವ ಕೆಲಸ ಬೇಗ ಮುಗಿಯುತ್ತದೆ. ಬಾಗಿಲು ಬರುವ ಜಾಗದಲ್ಲಿ ಮಾತ್ರ ಅವಸರ ನಡೆಯುವುದಿಲ್ಲ. ಈ ವಿಷಯವಾಗಿ ಬಂದಿರುವ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಮೊದಲನೆಯ ಪತ್ರದ ತೊಂದರೆಯೇ ಉಳಿದವುಗಳಿಗೂ ಮೂಲವಾಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಒಣ ಅಡಿಕೆ ಇಡುವುದಕ್ಕೆಂದು ಚೌಕ ಪೈಪಿನ ಚೌಕಟ್ಟು ನಿಲ್ಲಿಸಿ, ನಾಲ್ಕೂ ಕಡೆ ಬಣ್ಣದ ಲೇಪವಿರುವ ಅಲೆ ಶೀಟು ಹೊದಿಸಿದ್ದೇವೆ. ಪಶ್ಚಿಮಕ್ಕೆ ನಾಲ್ಕು ಅಡಿ ಅಗಲ, ಏಳು ಅಡಿ ಎತ್ತರದ ಕಬ್ಬಿಣದ ಬಾಗಿಲಿದೆ. ಬಾಗಿಲಿನ ಎರಡು ಪಕ್ಕಕ್ಕೂ ಮೇಲಕ್ಕೂ ಒಂದೇ ಬಗೆಯ ಜೆ ಆಕಾರದ ಪಟ್ಟಿ ಕೂರಿಸಿದ್ದಾರೆ. ಕಳೆದ ಮಳೆಗಾಲದಲ್ಲಿ ಬಾಗಿಲಿನ ಮೇಲ್ಭಾಗದಿಂದ ನೀರು ಒಳಗೆ ಇಳಿಯಿತು. ಸಿಲಿಕಾನ್ ತುಂಬಿಸಿದೆವು, ಕೆಲವೇ ದಿನಗಳಲ್ಲಿ ಮತ್ತೆ ಇಳಿಯಿತು. ಶೀಟನ್ನೇ ಬದಲಿಸಬೇಕೇ, ಪಟ್ಟಿಯನ್ನು ಬದಲಿಸಿದರೆ ಸಾಕೇ? ಯಾವ ಪಟ್ಟಿ, ಯಾವ ಕ್ರಮದಲ್ಲಿ ಕೂರಿಸಬೇಕು?
ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಾನ್ಯರೇ, ಶೀಟನ್ನು ಬದಲಿಸುವ ಅಗತ್ಯವಿಲ್ಲ. ತಪ್ಪು ಇರುವುದು ಬಾಗಿಲಿನ ಮೇಲಿನ ಪಟ್ಟಿಯಲ್ಲಿ. ಜೆ ಪಟ್ಟಿಯನ್ನು ಪಕ್ಕದಲ್ಲಿ ನಿಲುವಾಗಿ ಕೂರಿಸುವುದು ಸರಿಯಾದ ಕ್ರಮವೇ. ಆದರೆ ಅದೇ ಪಟ್ಟಿಯನ್ನು ಬಾಗಿಲಿನ ಮೇಲೆ ಅಡ್ಡಲಾಗಿ ಹಾಕಿದಾಗ, ಶೀಟಿನ ಅಂಚು ಕೂರುವ ಅದರ ಬಾಯಿ ಮೇಲ್ಮುಖವಾಗಿ ತೆರೆದುಕೊಳ್ಳುತ್ತದೆ. ಮೇಲಿನ ಶೀಟಿನ ಒಂದೊಂದು ತಗ್ಗಿನಲ್ಲೂ ಇಳಿದು ಬರುವ ಮಳೆನೀರೆಲ್ಲ ಆ ಬಾಯಿಯೊಳಗೆ ಸೇರಿ ನಿಲ್ಲುತ್ತದೆ. ಹೊರಗೆ ಹರಿಯಲು ದಾರಿ ಇಲ್ಲದ್ದರಿಂದ ಪಟ್ಟಿಯ ತುದಿಗಳಿಂದಲೋ ಸ್ಕ್ರೂ ರಂಧ್ರಗಳಿಂದಲೋ ಒಳಗೆ ಇಳಿಯುತ್ತದೆ. ಅದಕ್ಕೆ ಮೇಲಿನಿಂದ ಸಿಲಿಕಾನ್ ತುಂಬಿಸಿದಾಗ, ಅಷ್ಟಿಷ್ಟು ಹೊರಬೀಳುತ್ತಿದ್ದ ನೀರಿಗೂ ತಡೆ ಬಿದ್ದಿತು. ಅಲ್ಲದೆ ಬಿಸಿಲಿಗೆ ಶೀಟು ಹಿಗ್ಗಿ ರಾತ್ರಿ ಕುಗ್ಗುವಾಗ, ಕೇವಲ ಅಂಚಿಗೆ ಹಚ್ಚಿದ ತೆಳು ಸಿಲಿಕಾನ್ ಗೆರೆ ಒಂದು ಬದಿಯಿಂದ ಬಿಟ್ಟುಕೊಳ್ಳುತ್ತದೆ. ಆ ಕೂದಲೆಳೆಯಷ್ಟು ಸಂದು ನೀರನ್ನು ತಾನೇ ಹೀರಿಕೊಳ್ಳುತ್ತದೆ. ಮಲೆನಾಡಿನ ಮುಂಗಾರಿನಲ್ಲಿ ಪಶ್ಚಿಮದ ಗೋಡೆಗೆ ಗಾಳಿಯೊಡನೆ ಮಳೆ ಅಡ್ಡಲಾಗಿ ಹೊಡೆಯುವುದರಿಂದ, ಪೂರ್ವದ ಗೋಡೆಯಲ್ಲಿ ವರ್ಷಗಟ್ಟಲೆ ಗೊತ್ತಾಗದೆ ಉಳಿಯಬಹುದಾದ ದೋಷ ಇಲ್ಲಿ ಒಂದೇ ಮಳೆಗಾಲಕ್ಕೆ ಹೊರಬಿದ್ದಿದೆ.

ಈ ಕೆಲಸಕ್ಕೆ ಒಂದೇ ನಿಯಮವಿದೆ: ಮೇಲಿನದು ಕೆಳಗಿನದರ ಮೇಲೆ ಬರಬೇಕು, ಎಲ್ಲಿಯೂ ಕೆಳಗಿನದರ ಹಿಂದೆ ಸೇರಬಾರದು. ಹೆಂಚು ಹೊದಿಸುವವರು ಸೂರಿನ ಅಂಚಿನಿಂದ ಆರಂಭಿಸಿ ಮೇಲಕ್ಕೆ ಸಾಗುವ ಹಾಗೆಯೇ ಇಲ್ಲಿಯೂ ಮೊದಲು ಬುಡದ ಪಟ್ಟಿ, ಬಳಿಕ ಪಕ್ಕದ ಪಟ್ಟಿಗಳು, ಆಮೇಲೆ ಬಾಗಿಲಿನ ಮೇಲಿನ ಅಡ್ಡಪಟ್ಟಿ, ಕೊನೆಗೆ ಅದರ ಮೇಲಿನ ಶೀಟು ಎಂಬ ಕ್ರಮದಲ್ಲಿ ಕೂರಿಸಬೇಕು. ಈ ಕ್ರಮ ತಪ್ಪದಿದ್ದರೆ ಸಿಲಿಕಾನ್ ಇಲ್ಲದೆಯೂ ನೀರು ಹೊರಗೇ ಬೀಳುತ್ತದೆ. ಕ್ರಮ ತಪ್ಪಿದರೆ ಎಷ್ಟು ಸಿಲಿಕಾನ್ ಹಚ್ಚಿದರೂ ಅದು ಮುಂದಿನ ಮಳೆಗಾಲದ ತನಕದ ಮಾತು.

ಈಗಾಗಲೇ ಹೊದಿಕೆ ಮುಗಿದಿರುವುದರಿಂದ ನೀವು ಮೊದಲು ಬಾಗಿಲಿನ ಮೇಲಿನ ಶೀಟನ್ನು ಬಿಚ್ಚಬೇಕು, ಎರಡು ಪಕ್ಕದ ಶೀಟುಗಳ ಸ್ಕ್ರೂಗಳನ್ನು ಬಾಗಿಲಿನ ಕಡೆಯ ಸಾಲಿನಲ್ಲಿ ಮಾತ್ರ ಸಡಿಲಿಸಬೇಕು. ಆಮೇಲೆ ಬಾಗಿಲಿನ ಸುತ್ತಲಿನ ಪೈಪುಗಳನ್ನು ತೂಗುಗುಂಡು ಹಿಡಿದು ನೋಡಿ. ಎರಡು ಕರ್ಣಗಳ ಅಳತೆ ಒಂದೇ ಇರಬೇಕು. ಪೈಪುಗಳ ಹೊರಮುಖ ಗೋಡೆಯ ಅಡ್ಡ ಪೈಪುಗಳ ಹೊರಮುಖದ ಮಟ್ಟಕ್ಕೆ ಸರಿಯಾಗಿ ಬರುವುದು ಮುಖ್ಯ. ಬಾಗಿಲಿನ ಪೈಪು ಐದಾರು ಮಿ.ಮೀ. ಒಳಗೆ ಸರಿದಿದ್ದರೂ ಪಟ್ಟಿ ತಿರುಚಿಕೊಂಡು ಅಲ್ಲೇ ಸಂದು ಬೀಳುತ್ತದೆ.

ಪಕ್ಕದ ಜೆ ಪಟ್ಟಿಯ ಬಾಯಿಯ ಅಗಲ ಶೀಟಿನ ಅಲೆಯ ಆಳಕ್ಕಿಂತ ತುಸು ಹೆಚ್ಚಿರಬೇಕು. ಸಾಮಾನ್ಯ ಅಲೆ ಶೀಟಿನಲ್ಲಿ ಒಂದು ಅಲೆಯಿಂದ ಇನ್ನೊಂದಕ್ಕೆ ಸುಮಾರು 75 ಮಿ.ಮೀ. ಅಂತರ ಮತ್ತು ಸುಮಾರು 18 ಮಿ.ಮೀ. ಆಳ ಇರುವುದರಿಂದ 22 ಮಿ.ಮೀ. ಬಾಯಿ ಸಾಕಾಗುತ್ತದೆ. ಪೈಪಿಗೆ ಆನಿಸುವ ಹಿಂಬದಿಯ ಅಗಲ 50ರಿಂದ 60 ಮಿ.ಮೀ. ಇರಲಿ, ಮುಂದಿನ ತುಟಿ 25 ಮಿ.ಮೀ. ಇರಲಿ. ಪಟ್ಟಿಯ ಬುಡವನ್ನು ತೆರೆದೇ ಬಿಡಬೇಕು, ಮುಚ್ಚಲೇಬಾರದು. ಗಾಳಿಮಳೆಗೆ ಜೆ ಪಟ್ಟಿಯೊಳಗೆ ನೀರು ಬರುವುದು ಸಹಜ. ಬಂದ ನೀರು ಬುಡದಿಂದ ಹೊರಗೆ, ಅಡಿಪಾಯದ ಆಚೆಗೆ ಬೀಳುತ್ತದೆಯೇ ಎಂಬುದೇ ಮುಖ್ಯ. ನೋಡಲು ಚೆಂದವಿರಲಿ ಎಂದು ಈ ಬುಡಕ್ಕೆ ಸಿಮೆಂಟ್ ಮೆತ್ತುವವರಿದ್ದಾರೆ. ನಿಮ್ಮಲ್ಲಿಯೂ ಮೆತ್ತಿದ್ದರೆ ದಯವಿಟ್ಟು ಕೆತ್ತಿ ತೆಗೆಸಿ.

ಪಕ್ಕದ ಶೀಟಿನ ಅಂಚು ಅಲೆಯ ಯಾವ ಭಾಗದಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನೂ ಗಮನಿಸಿ. ತಗ್ಗಿನಲ್ಲಿ ಕೊನೆಗೊಂಡರೆ ಅಂಚು ಪೈಪಿನ ಮೇಲೆ ಕೂರುತ್ತದೆ, ಸ್ಕ್ರೂ ಬಿಗಿಯುವುದಕ್ಕೂ ಆಧಾರವಿರುತ್ತದೆ. ಏರಿನಲ್ಲಿ ಕೊನೆಗೊಂಡರೆ ಅಂಚು ಗಾಳಿಯಲ್ಲಿ ತೇಲಿದಂತಿದ್ದು ಬಡಿದುಕೊಳ್ಳುತ್ತದೆ. ಹೊಸದಾಗಿ ಕಟ್ಟುವವರು ಗೋಡೆಯ ಮೂಲೆಯಿಂದ ಶೀಟು ಹೊದಿಸುತ್ತ ಬರುವ ಬದಲು, ಮೊದಲೇ ನೆಲದ ಮೇಲೆ ಅಳೆದು, ಬಾಗಿಲಿನ ಬಳಿ ತಗ್ಗು ಬರುವಂತೆ ಲೆಕ್ಕ ಹಾಕಿಕೊಂಡರೆ ಈ ತೊಂದರೆ ಬರುವುದಿಲ್ಲ. ಬಾಗಿಲಿನ ಚೌಕಟ್ಟನ್ನು ಒಂದೆರಡು ಅಂಗುಲ ಸರಿಸುವುದು ಕಾಗದದ ಮೇಲೆ ಸುಲಭ, ವೆಲ್ಡಿಂಗ್ ಆದ ಮೇಲೆ ಕಷ್ಟ.

ಇನ್ನು ಮೇಲಿನ ಅಡ್ಡಪಟ್ಟಿ. ಇದಕ್ಕೆ ಬೇಕಾದದ್ದು ಜಡ್ ಆಕಾರದ ಫ್ಲ್ಯಾಶಿಂಗ್, ಅಂದರೆ ನೀರನ್ನು ಹೊರಕ್ಕೆ ಹಾಯಿಸಲು ಮಡಿಸಿ ಮಾಡಿದ ತಗಡಿನ ಪಟ್ಟಿ. ಅದಕ್ಕೆ ಮೂರು ಭಾಗಗಳಿರುತ್ತವೆ. ಒಂದು, ಮೇಲಿನ ಶೀಟಿನ ಹಿಂದೆ ಪೈಪಿಗೆ ಆನಿಕೊಂಡು ಮೇಲಕ್ಕೆ ಏರುವ ನಿಲುವು ಭಾಗ. ನಿಮ್ಮ ಕಡೆಯ ಮಳೆಗೆ ಇದು 100 ಮಿ.ಮೀ.ಗೆ ಕಡಿಮೆ ಇರಬಾರದು. ಎರಡು, ಹೊರಕ್ಕೆ ಚಾಚುವ ಹಾಸು. ಶೀಟಿನ ಆಳವನ್ನು ದಾಟಿ ಇನ್ನೂ 15ರಿಂದ 20 ಮಿ.ಮೀ. ಮುಂದಕ್ಕೆ ಬರಬೇಕು, ಮಟ್ಟವಾಗಿರದೆ ಹೊರಕ್ಕೆ ಇಳಿಜಾರಾಗಿರಬೇಕು. ಮೂರು, ಹಾಸಿನ ತುದಿಯಿಂದ 25 ಮಿ.ಮೀ. ಕೆಳಕ್ಕೆ ಇಳಿಯುವ ಮೂಗು. ಅದರ ಕಡೆಯ ಅಂಚನ್ನು ಸ್ವಲ್ಪ ಹೊರಕ್ಕೆ ಬಾಗಿಸಿದರೆ ನೀರು ಬಾಗಿಲಿನ ಮೇಲೆ ಜಾರದೆ ಅಲ್ಲಿಂದಲೇ ಹನಿಯಾಗಿ ಬೀಳುತ್ತದೆ. ಶೀಟು ಬೆಂಡಿಂಗ್ ಮಾಡುವ ಅಂಗಡಿಗೆ ಈ ಅಳತೆಗಳನ್ನು ಬರೆದ ಚಿತ್ರವನ್ನು ಒಯ್ದು, ನಿಮ್ಮ ಗೋಡೆಯ ಶೀಟಿನ ಬಣ್ಣ ಮತ್ತು ಲೇಪವೇ ಇರುವ ಪ್ಲೇನ್ ಶೀಟಿನಲ್ಲಿ ಮಾಡಿಸಿಕೊಳ್ಳಿ. ದಪ್ಪ 0.5 ಮಿ.ಮೀ. ಇರಲಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪಟ್ಟಿಗಳ ನಿಲುವು ಭಾಗ ಗಿಡ್ಡದಾಗಿರುವುದುಂಟು. ನಿಮ್ಮಲ್ಲಿಗೆ ಅವು ಸಾಲವು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಎರಡು ಮೂಲೆಗಳಲ್ಲಿ. ಅಡ್ಡಪಟ್ಟಿಯನ್ನು ಬಾಗಿಲಿನ ಅಗಲಕ್ಕೆ ಸರಿಯಾಗಿ ಕತ್ತರಿಸಿ ಕೂರಿಸಿದರೆ, ಅದರ ಮೇಲಿನ ನೀರು ತುದಿಗೆ ಹರಿದು ನೇರವಾಗಿ ಪಕ್ಕದ ಪೈಪಿನ ಹಿಂದೆ ಇಳಿಯುತ್ತದೆ. ಆದ್ದರಿಂದ ಹಾಸು ಎರಡೂ ಕಡೆ ಜೆ ಪಟ್ಟಿಯ ಬಾಯಿಯನ್ನು ಪೂರ್ತಿಯಾಗಿ ಮುಚ್ಚುವಷ್ಟು ಉದ್ದವಿರಬೇಕು. ನಿಲುವು ಭಾಗ ಅದಕ್ಕಿಂತಲೂ ಇನ್ನೊಂದು 50 ಮಿ.ಮೀ. ಮುಂದುವರಿದು ಪಕ್ಕದ ಶೀಟಿನ ಹಿಂದೆ ಸೇರಬೇಕು. ಹಾಸಿನ ತುದಿಯಲ್ಲಿ 40 ಮಿ.ಮೀ. ಉದ್ದದ ನಾಲಿಗೆಯೊಂದನ್ನು ಕತ್ತರಿಸದೆ ಉಳಿಸಿಕೊಂಡು, ಅದನ್ನು ಕೆಳಕ್ಕೆ ಬಾಗಿಸಿ ಜೆ ಪಟ್ಟಿಯ ಬಾಯಿಯೊಳಗೆ ಇಳಿಬಿಡಬೇಕು. ಆಗ ಹಾಸಿನ ಮೇಲೆ ಅಡ್ಡಲಾಗಿ ಸರಿದ ನೀರೂ ಜೆ ಪಟ್ಟಿಯೊಳಕ್ಕೆ ಬಿದ್ದು, ಅದರ ತೆರೆದ ಬುಡದಿಂದ ಹೊರಗೆ ಹೋಗುತ್ತದೆ. ಕೆಲಸದವರು ಈ ನಾಲಿಗೆಯನ್ನು ಅನಗತ್ಯವೆಂದು ಕತ್ತರಿಸಿ ಬಿಡುವ ಸಂಭವ ಹೆಚ್ಚು. ನೀವು ಎದುರಿಗೆ ನಿಂತು ಮಾಡಿಸಬೇಕಾದ ಭಾಗ ಇದೊಂದೇ.

ಅಡ್ಡಪಟ್ಟಿಯ ನಿಲುವು ಭಾಗವನ್ನು ಅದರ ಮೇಲಂಚಿನ ಹತ್ತಿರ ಮಾತ್ರ, ಚಪ್ಪಟೆ ತಲೆಯ ಸ್ಕ್ರೂಗಳಿಂದ ಪೈಪಿಗೆ ಹಿಡಿಸಿ, ಆ ಮೇಲಂಚಿನ ಉದ್ದಕ್ಕೂ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ರಬ್ಬರಿನ ಅಂಟುಪಟ್ಟಿ) ಅಂಟಿಸಿ. ಬಳಿಕ ಮೇಲಿನ ಶೀಟನ್ನು ಕೂರಿಸುವಾಗ ಅದರ ಕೆಳ ಅಂಚು ಹಾಸಿಗೆ ತಾಗದೆ 10 ಮಿ.ಮೀ. ಮೇಲೆಯೇ ನಿಲ್ಲಬೇಕು. ತಾಗಿದರೆ ಆ ಸಂದು ನೀರನ್ನು ಹಿಡಿದಿಟ್ಟುಕೊಂಡು ಶೀಟಿನ ಕತ್ತರಿಸಿದ ಅಂಚು ಮೊದಲು ತುಕ್ಕು ಹಿಡಿಯುತ್ತದೆ. ಶೀಟಿನ ಸ್ಕ್ರೂಗಳನ್ನು ಗೋಡೆಯಲ್ಲಿ ತಗ್ಗಿನಲ್ಲೇ ಹಾಕಬೇಕು, ಹಾಸಿನಿಂದ ಕನಿಷ್ಠ 50 ಮಿ.ಮೀ. ಮೇಲೆ ಹಾಕಬೇಕು. ಸ್ಕ್ರೂವಿನ ಕೆಳಗಿನ ರಬ್ಬರ್ ವಾಷರ್ ಒತ್ತಿಕೊಂಡು ಅದರ ಅಂಚು ತುಸುವೇ ಕಾಣಿಸಿದಾಗ ನಿಲ್ಲಿಸಿ; ಇನ್ನೂ ಬಿಗಿದರೆ ವಾಷರ್ ಹೊರಕ್ಕೆ ಹಿಂಡಿ ಬಂದು ಸೀಳುತ್ತದೆ. ಹಳೆಯ ರಂಧ್ರಕ್ಕೆ ಅದೇ ಅಳತೆಯ ಸ್ಕ್ರೂವನ್ನು ಮತ್ತೆ ಹಾಕಬೇಡಿ, ಒಂದು ಅಳತೆ ದಪ್ಪನೆಯದನ್ನು ಬಳಸಿ.

ಶೀಟಿನ ಕೆಳ ಅಂಚಿನಲ್ಲಿ, ಅಲೆಯ ಏರು ಇರುವ ಕಡೆಯಲ್ಲೆಲ್ಲ ಸಣ್ಣ ಸಣ್ಣ ಕಿಂಡಿಗಳು ಉಳಿಯುತ್ತವೆ. ಕಣಜದ ಹುಳು, ಹಲ್ಲಿ, ಚಿಕ್ಕ ಬಾವಲಿಗಳಿಗೆ ಅಷ್ಟು ಸಾಕು. ಇವುಗಳನ್ನು ಪೂರ್ತಿ ಮುಚ್ಚುವ ಫೋಮ್ ತುಂಡುಗಳು ಸಿಗುತ್ತವಾದರೂ, ಬಾಗಿಲಿನ ಮೇಲ್ಭಾಗದಲ್ಲಿ ನಾವು ಸ್ಟೀಲಿನ ಸಣ್ಣ ಜಾಲರಿಯನ್ನು ಮಡಿಸಿ ತುರುಕಿಸುವುದನ್ನೇ ಹೇಳುತ್ತೇವೆ. ಶೀಟಿನ ಹಿಂಬದಿಗೆ ಹೇಗೋ ಬಂದ ನೀರು ಜಾಲರಿಯ ಮೂಲಕ ಇಳಿದು ಹೋಗುತ್ತದೆ, ಹುಳು ಒಳಗೆ ಬರುವುದಿಲ್ಲ, ಒಳಗಿನ ತೇವಕ್ಕೂ ಒಂದಿಷ್ಟು ಗಾಳಿಯಾಡುತ್ತದೆ. ಅಡಿಕೆ ಇಡುವ ಕಡೆ ಗಾಳಿಯಾಡುವುದು ಎಷ್ಟು ಅಗತ್ಯವೆಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಕೆಲಸ ಮುಗಿದ ಮೇಲೆ ಮಳೆಗಾಲದವರೆಗೆ ಕಾಯದೆ, ತೋಟದ ಪೈಪಿನಿಂದ ನೀರು ಹಾಯಿಸಿ ಪರೀಕ್ಷಿಸಿ. ಒಬ್ಬರು ಒಳಗೆ ನಿಲ್ಲಲಿ. ಮೊದಲು ಬುಡಕ್ಕೆ, ಆಮೇಲೆ ಪಕ್ಕಕ್ಕೆ, ಕೊನೆಗೆ ಬಾಗಿಲಿನ ಮೇಲಕ್ಕೆ ಹೀಗೆ ಕೆಳಗಿನಿಂದ ಮೇಲಕ್ಕೆ ಒಂದೊಂದು ಕಡೆಯೂ ಕೆಲವು ನಿಮಿಷ ನೀರು ಬಿಡಬೇಕು. ಮೊದಲೇ ಮೇಲಿನಿಂದ ಬಿಟ್ಟರೆ ಎಲ್ಲವೂ ಒದ್ದೆಯಾಗಿ ಸೋರಿಕೆ ಎಲ್ಲಿಯದು ಎಂದು ತಿಳಿಯುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ, ಪಶ್ಚಿಮದ ಬಾಗಿಲಿಗೆ ಎರಡು ಮೂರು ಅಡಿ ಚಾಚಿದ ಸಜ್ಜೆಯೊಂದನ್ನು ಹಾಕಿಸಲೇಬೇಕೆಂದು ನಮ್ಮ ಸಲಹೆ. ಸಜ್ಜೆ ಗೋಡೆಗೆ ಸೇರುವ ಕಡೆಯೂ ಇದೇ ನಿಯಮ ಅನ್ವಯಿಸುತ್ತದೆ: ಅದರ ಪಟ್ಟಿ ಗೋಡೆಯ ಶೀಟಿನ ಹಿಂದೆ ಏರಿರಬೇಕು.

ಪ್ರಶ್ನೆ: ನಮ್ಮ ಶೆಡ್ಡು ಸಮುದ್ರಕ್ಕೆ ಹತ್ತಿರದಲ್ಲಿದೆ. ಶೀಟು ಹೊದಿಸಿ ಎರಡು ವರ್ಷವಾಗಿದೆಯಷ್ಟೆ. ಗೋಡೆಯ ನಡುಭಾಗ ಹೊಸದರಂತೆ ಇದ್ದರೂ ದಾರಂದದ ಸುತ್ತಲಿನ ಪಟ್ಟಿಗಳಲ್ಲಿ ಅಂಚಿನ ಉದ್ದಕ್ಕೂ ತುಕ್ಕು ಬಂದಿದೆ, ಸಿಲಿಕಾನ್ ಹಚ್ಚಿದ ಕಡೆ ಬಿಳಿ ಪುಡಿ ಎದ್ದಿದೆ. ಪಟ್ಟಿಗಳಿಗೆ ಕಡಿಮೆ ದರ್ಜೆಯ ತಗಡು ಬಳಸಿದ್ದಾರೆಯೇ?
ಓದುಗರು, ಕುಂದಾಪುರ

ಉತ್ತರ: ಹಾಗಿರಬಹುದಾದರೂ, ನೀವು ವರ್ಣಿಸಿರುವ ಲಕ್ಷಣಗಳು ತಗಡಿಗಿಂತ ಹೆಚ್ಚಾಗಿ ಕೆಲಸದ ರೀತಿಯ ಕಡೆಗೆ ಬೆರಳು ತೋರಿಸುತ್ತವೆ. ಗೋಡೆಯ ನಡುವಿನ ಶೀಟು ಕಾರ್ಖಾನೆಯಲ್ಲೇ ಕತ್ತರಿಸಿ ಬಂದದ್ದು. ಬಾಗಿಲಿನ ಸುತ್ತಲಿನ ತುಂಡುಗಳು ನಿಮ್ಮ ಅಂಗಳದಲ್ಲಿ ಕತ್ತರಿಸಿದವು. ಗ್ರೈಂಡರ್ ಬಳಸಿ ಕತ್ತರಿಸಿದಾಗ ಏಳುವ ಬಿಸಿಗೆ ಅಂಚಿನ ಸತು ಮತ್ತು ಬಣ್ಣದ ಲೇಪ ಸುಟ್ಟು ಹೋಗುತ್ತವೆ. ಹಾರುವ ಕಿಡಿಗಳು ಬಿಸಿ ಕಬ್ಬಿಣದ ಕಣಗಳೇ ಆಗಿದ್ದು, ಅಕ್ಕಪಕ್ಕದ ಬಣ್ಣದೊಳಗೆ ಹೂತುಕೊಂಡು ಕೆಲವೇ ದಿನಗಳಲ್ಲಿ ಕಂದು ಚುಕ್ಕಿಗಳಾಗುತ್ತವೆ. ತಗಡು ಕತ್ತರಿಯಿಂದಲೋ ತಗಡನ್ನು ಕಚ್ಚಿ ಕತ್ತರಿಸುವ ನಿಬ್ಲರ್ ಯಂತ್ರದಿಂದಲೋ ಕತ್ತರಿಸಿದ ತೆಳು ಶೀಟಿನಲ್ಲಿ ಅಂಚಿನ ಪಕ್ಕದ ಸತುವು ತಾನು ಸವೆದು ತೆರೆದ ಉಕ್ಕನ್ನು ಕಾಪಾಡುತ್ತದೆ. ಸುಟ್ಟ ಅಂಚಿನಲ್ಲಿ ಕಾಪಾಡಲು ಸತುವೇ ಉಳಿದಿರುವುದಿಲ್ಲ.

ಬಿಳಿ ಪುಡಿಯ ಕಾರಣ ಬೇರೆ. ಹಚ್ಚುವಾಗ ವಿನೆಗರಿನಂತೆ ಹುಳಿ ವಾಸನೆ ಬರುವ ಸಿಲಿಕಾನ್ ಒಣಗುತ್ತ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಆ ಆಮ್ಲ ಸತುವನ್ನೂ ಅಲ್ಯೂಮಿನಿಯಮನ್ನೂ ತಿನ್ನುತ್ತದೆ. ಗಾಜಿಗೆ, ಸ್ನಾನದ ಮನೆಯ ಟೈಲಿಗೆ ಅದು ಸರಿ, ತಗಡಿಗೆ ಬೇಡ. ಕೊಳ್ಳುವಾಗ ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದು ಬರೆದಿದೆಯೇ ನೋಡಿ. ಈಗಿರುವುದನ್ನು ಮರದ ಅಥವಾ ಪ್ಲಾಸ್ಟಿಕ್ ಚಕ್ಕೆಯಿಂದ ಕೆರೆದು ತೆಗೆದು, ಸಿಹಿನೀರಿನಲ್ಲಿ ತೊಳೆದು, ಒಣಗಿದ ಮೇಲೆ ಮೊದಲು ಸತುವಿನ ಅಂಶ ಹೆಚ್ಚಿರುವ ಪ್ರೈಮರನ್ನು, ಬಳಿಕ ಬಣ್ಣವನ್ನು ಹಚ್ಚಿ. ತುಕ್ಕು ತಗಡನ್ನು ತೂತು ಮಾಡಿರುವ ಪಟ್ಟಿಗಳನ್ನು ಬದಲಿಸಿ.

ಕರಾವಳಿಯವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಮಳೆ ನೇರವಾಗಿ ಬೀಳುವ ಗೋಡೆಯಲ್ಲಿ ಉಪ್ಪಿನ ಪದರವನ್ನು ಮಳೆಯೇ ತೊಳೆದು ಬಿಡುತ್ತದೆ. ಸೂರಿನ ಕೆಳಗೆ, ಸಜ್ಜೆಯ ಅಡಿಯಲ್ಲಿ, ಬಾಗಿಲ ಪಟ್ಟಿಯ ಮಡಿಕೆಗಳಲ್ಲಿ ಕುಳಿತ ಉಪ್ಪು ಹಾಗೆಯೇ ಉಳಿದು, ರಾತ್ರಿಯ ಇಬ್ಬನಿಗೆ ಒದ್ದೆಯಾಗಿ ತಗಡನ್ನು ತಿನ್ನುತ್ತದೆ. ಮಳೆ ತಾಗದ ಜಾಗ ಸುರಕ್ಷಿತ ಎಂಬ ನಮ್ಮ ಸಹಜ ಎಣಿಕೆ ಇಲ್ಲಿ ತಲೆಕೆಳಗು. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಬಾಗಿಲಿನ ಸುತ್ತ ಆಗಾಗ ಸಿಹಿನೀರು ಹಾಯಿಸಿ ತೊಳೆಯುವುದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ.

ಹೊಸ ಪಟ್ಟಿ ಮಾಡಿಸುವುದಾದರೆ ಲೇಪದ ತೂಕವನ್ನು ಕೇಳಿ. ಸತುವಿನ ಲೇಪವನ್ನು ಎರಡೂ ಮುಖ ಸೇರಿ ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. 120 ಗ್ರಾಂ ಲೇಪಕ್ಕೂ 275 ಗ್ರಾಂ ಲೇಪಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಬಾಳಿಕೆಯಲ್ಲಿ ಬಹಳ ವ್ಯತ್ಯಾಸವಿದೆ. ಗಾಲ್ವಾಲ್ಯೂಮ್ ಎಂದು ಕರೆಯುವ ಶೀಟಿನ ಲೇಪದಲ್ಲಿ ತೂಕದ ಲೆಕ್ಕದಲ್ಲಿ ಶೇ 55 ಅಲ್ಯೂಮಿನಿಯಂ ಇದ್ದು, ಉಳಿದದ್ದರಲ್ಲಿ ಬಹುಪಾಲು ಸತುವು, ಸ್ವಲ್ಪ ಸಿಲಿಕಾನ್ ಧಾತು ಇರುತ್ತದೆ. ಉಪ್ಪುಗಾಳಿಗೆ ಇದು ಸಾಮಾನ್ಯ ಸತು ಲೇಪಕ್ಕಿಂತ ಹೆಚ್ಚು ತಾಳುತ್ತದೆ, ಆದರೆ ಹಸಿ ಸಿಮೆಂಟ್ ತಾಗಿದರೆ ಬೇಗ ಕೆಡುತ್ತದೆ. ತಾಮ್ರದ ಪೈಪಿನಿಂದ ಹನಿಯುವ ನೀರು ಎರಡೂ ಬಗೆಯ ಲೇಪಕ್ಕೆ ಶತ್ರು, ಏ.ಸಿ. ಯಂತ್ರದ ತಾಮ್ರದ ಕೊಳವೆಯನ್ನು ಬಾಗಿಲ ಪಟ್ಟಿಯ ಮೇಲಿಂದ ಹಾಯಿಸಿದ್ದರೆ ಅದನ್ನು ಸರಿಸಿ. ಸ್ಕ್ರೂ ಮಾತ್ರ ಸ್ಟೇನ್‌ಲೆಸ್ ಹಾಕಿಸಿದರೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೇರೆ ಲೋಹ ತಾಗಿದ ಕಡೆ ಸುತ್ತಲಿನ ಲೇಪವೇ ಬೇಗ ಸವೆಯುವ ಅಪಾಯವಿರುವುದರಿಂದ, ಶೀಟು ತಯಾರಿಸಿದವರು ಸೂಚಿಸುವ ಲೇಪದ ಸ್ಕ್ರೂವನ್ನೇ ಬಳಸುವುದು ಮೇಲು.

ಪ್ರಶ್ನೆ: ಹಸುಗಳ ಕೊಟ್ಟಿಗೆಗೆ ತಗಡಿನ ಗೋಡೆ ಹಾಕಿಸಿದ್ದೇವೆ. ಬಾಗಿಲಿನ ಪಟ್ಟಿಯ ಅಂಚಿಗೆ ತಾಗಿ ಒಂದು ಹಸುವಿನ ಪಕ್ಕೆ ಸೀಳಿತು. ಪಟ್ಟಿಯನ್ನೇ ತೆಗೆದು ಬಿಡಬಹುದೇ?
ಓದುಗರು, ಚನ್ನರಾಯಪಟ್ಟಣ

ಉತ್ತರ: ಅಮ್ಮಾ, ತೆಗೆಯಬೇಡಿ. ಪಟ್ಟಿ ತೆಗೆದರೆ ಶೀಟಿನ ಕತ್ತರಿಸಿದ ಅಂಚೇ ಬಾಗಿಲಿಗೆ ತೆರೆದುಕೊಳ್ಳುತ್ತದೆ, ಅದು ಇನ್ನೂ ಹರಿತ. ಪಟ್ಟಿಯ ಹೊರ ಅಂಚನ್ನು 10 ಮಿ.ಮೀ. ಹಿಂದಕ್ಕೆ ಮಡಿಸಿ ಒತ್ತಿಸಿದರೆ ಕೈಗೆ ಮೈಗೆ ತಾಗುವುದು ದುಂಡಗಿನ ಮಡಿಕೆಯೇ ಹೊರತು ಹರಿತ ಅಂಚಲ್ಲ. ಪಟ್ಟಿಗೆ ಗಟ್ಟಿತನವೂ ಬರುತ್ತದೆ. ಬೆಂಡಿಂಗ್ ಅಂಗಡಿಯಲ್ಲಿ ಇದು ಒಂದು ಮಡಿಕೆಯ ಹೆಚ್ಚುವರಿ ಕೆಲಸವಷ್ಟೆ. ಹಸುಗಳು ಒತ್ತಿಕೊಂಡು ಹೋಗುವ ಎತ್ತರದಲ್ಲಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿಯವರೆಗೆ, ಪಟ್ಟಿಯ ಮುಂದೆ ದುಂಡನೆಯ ಜಿ.ಐ. ಪೈಪೊಂದನ್ನು ಎರಡು ಕಡೆಯೂ ನೆಟ್ಟರೆ ಮೈಯ ಭಾರ ಪೈಪಿನ ಮೇಲೆ ಬೀಳುತ್ತದೆ.

ಕೊಟ್ಟಿಗೆಯಲ್ಲಿ ತಗಡನ್ನು ನೆಲದವರೆಗೆ ಇಳಿಸಿದ್ದರೆ ಅದನ್ನೂ ಸರಿಪಡಿಸಿ. ಸಗಣಿ ಮತ್ತು ಗಂಜಲದ ತೇವಕ್ಕೆ, ಅದರಿಂದ ಏಳುವ ಅಮೋನಿಯಾಕ್ಕೆ ಸತು ಲೇಪ ನಿಲ್ಲುವುದಿಲ್ಲ. ಎರಡೂವರೆ ಮೂರು ಅಡಿ ಇಟ್ಟಿಗೆ ಗೋಡೆ ಕಟ್ಟಿ, ಅದರ ಮೇಲಿನಿಂದ ಶೀಟು ಮತ್ತು ಪಕ್ಕದ ಪಟ್ಟಿಗಳು ಆರಂಭವಾಗುವಂತೆ ಮಾಡುವುದು ಸರಿಯಾದ ಕ್ರಮ. ತಗಡು ಗಾರೆಗೆ ತಾಗುವ ಕಡೆ ನಡುವೆ ಬಿಟುಮೆನ್ ಹಾಳೆಯನ್ನು ಇಡಿಸಿ.

ಪ್ರಶ್ನೆ: ಬಾಡಿಗೆಗೆ ಪಡೆದಿರುವ ವರ್ಕ್‌ಶಾಪಿನ ಗೋಡೆಗೆ ಚೌಕಾಕಾರದ ಏಣುಗಳಿರುವ ಶೀಟು ಇದೆ. ಮಾಲೀಕರು ಹೊಸ ಬಾಗಿಲು ತೆರೆಯಲು ಒಪ್ಪಿದ್ದಾರೆ. ಶೀಟುಗಳನ್ನು ಬಿಚ್ಚದೆ, ಕತ್ತರಿಸಿ, ಮೇಲಿಂದ ಪಟ್ಟಿ ಹೊಡೆದರೆ ಸಾಕೇ?
ಓದುಗರು, ಬೆಂಗಳೂರು

ಉತ್ತರ: ಕತ್ತರಿಸುವುದಕ್ಕೆ ಮೊದಲು ಗೋಡೆಯ ಒಳಗಿನಿಂದ ನೋಡಿ, ಬಾಗಿಲು ಬರುವ ಜಾಗದಲ್ಲಿ ಅಡ್ಡ ಪೈಪು ಹಾದು ಹೋಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಹಾದು ಹೋಗಿದ್ದರೆ ಅದು ಗಾಳಿಯ ಒತ್ತಡವನ್ನು ಕಂಬಗಳಿಗೆ ಮುಟ್ಟಿಸುವ ಭಾಗ. ಅದನ್ನು ಕತ್ತರಿಸುವುದಕ್ಕೆ ಮುನ್ನವೇ ಬಾಗಿಲಿನ ಎರಡು ಪಕ್ಕದ ನಿಲುವು ಪೈಪುಗಳನ್ನು ನೆಲಕ್ಕೂ ಮೇಲಿನ ಅಡ್ಡ ಪೈಪಿಗೂ ಬಿಗಿದು, ತಲೆಯ ಅಡ್ಡ ಪೈಪನ್ನು ವೆಲ್ಡ್ ಮಾಡಿರಬೇಕು. ಶೆಡ್ಡು ದೊಡ್ಡದಾಗಿದ್ದರೆ ಇದನ್ನು ಎಂಜಿನಿಯರರಿಗೆ ತೋರಿಸದೆ ಮಾಡಬೇಡಿ.

ಪಟ್ಟಿಯ ಮಟ್ಟಿಗೆ ಹೇಳುವುದಾದರೆ, ಪಕ್ಕಗಳಲ್ಲಿ ಮೇಲಿನಿಂದ ಹೊಡೆದ ಪಟ್ಟಿ ನಡೆಯುತ್ತದೆ, ಬಾಗಿಲಿನ ತಲೆಗೆ ಮಾತ್ರ ನಡೆಯುವುದಿಲ್ಲ. ಏಣುಗಳ ನಡುವಿನ ತಗ್ಗುಗಳಲ್ಲಿ ಹರಿದು ಬಂದ ನೀರು, ಶೀಟಿನ ಮೇಲೆ ಹೊಡೆದ ಪಟ್ಟಿಯ ಹಿಂದಕ್ಕೇ ಹೋಗುತ್ತದೆ. ಏಣಿನ ಆಕಾರಕ್ಕೆ ಎಷ್ಟೇ ನಾಜೂಕಾಗಿ ಕತ್ತರಿಸಿದರೂ ಅಲ್ಲಿ ಕಾಯುವುದು ಸಿಲಿಕಾನ್ ಒಂದೇ. ಹಾಗಾಗಿ ಬಾಗಿಲಿನ ಮೇಲಿನ ಒಂದೆರಡು ಸಾಲಿನ ಸ್ಕ್ರೂಗಳನ್ನು ಬಿಚ್ಚಿ, ಶೀಟನ್ನು ತುಸು ಎತ್ತಿ ಹಿಡಿದು, ಮೊದಲ ಉತ್ತರದಲ್ಲಿ ವಿವರಿಸಿದ ಜಡ್ ಆಕಾರದ ಪಟ್ಟಿಯ ನಿಲುವು ಭಾಗವನ್ನು ಶೀಟಿನ ಹಿಂದೆ ತೂರಿಸಿ. ತಲೆಯ ಪೈಪು ಶೀಟಿಗೆ ಒತ್ತಿಕೊಂಡಿದ್ದರೂ 0.5 ಮಿ.ಮೀ. ತಗಡಿಗೆ ಅಲ್ಲಿ ಜಾಗ ಸಿಗುತ್ತದೆ. ಏಣಿನ ಆಳ ಸಾಮಾನ್ಯವಾಗಿ 28ರಿಂದ 30 ಮಿ.ಮೀ. ಇರುವುದರಿಂದ ಹಾಸಿನ ಅಗಲವನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು. ಶೀಟು ಕತ್ತರಿಸುವಾಗ ಗ್ರೈಂಡರ್ ಬೇಡ ಎಂಬುದನ್ನು ಕುಂದಾಪುರದ ಓದುಗರಿಗೆ ಕೊಟ್ಟ ಉತ್ತರದಲ್ಲಿ ನೋಡಿ. ಕತ್ತರಿಸಿದಾಗ ಬಿದ್ದ ತಗಡಿನ ಚೂರುಗಳನ್ನು ಅಂದೇ ಮೆತ್ತನೆಯ ಪೊರಕೆಯಿಂದ ಗುಡಿಸಿ ತೆಗೆಯಬೇಕು, ದಪ್ಪ ಕೈಗವಸು ಇಲ್ಲದೆ ಯಾರೂ ಅವುಗಳನ್ನು ಮುಟ್ಟಬಾರದು.

ಪ್ರಶ್ನೆ: ನಮ್ಮಲ್ಲಿ ಮಳೆಯ ಚಿಂತೆ ಕಡಿಮೆ, ಧೂಳು ಮತ್ತು ಇಲಿಗಳ ಕಾಟ ಹೆಚ್ಚು. ಜೋಳ, ಕಡಲೆ ಇಡುವ ತಗಡಿನ ಕೋಣೆಗೆ ಮರದ ಚೌಕಟ್ಟಿನ ಬಾಗಿಲಿದೆ. ಬಿಸಿಲೇರಿದಾಗ ಬಾಗಿಲಿನ ಪಟ್ಟಿಗಳು ಟಪಟಪ ಸದ್ದು ಮಾಡುತ್ತವೆ. ಸಂದುಗಳನ್ನು ಹೇಗೆ ಮುಚ್ಚಬೇಕು?
ರೈತರು, ಗದಗ ಜಿಲ್ಲೆ

ಉತ್ತರ: ಸದ್ದಿಗೆ ಹೆದರಬೇಕಾಗಿಲ್ಲ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಒಂದು ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಮುಂಜಾವಿನಿಂದ ಮಧ್ಯಾಹ್ನಕ್ಕೆ ತಗಡು 40 ಡಿಗ್ರಿ ಬಿಸಿಯಾದರೆ ಮೂರು ಮೀಟರ್ ಉದ್ದದ ಪಟ್ಟಿ ಸುಮಾರು ಒಂದೂವರೆ ಮಿ.ಮೀ. ಉದ್ದವಾಗುತ್ತದೆ. ಎರಡೂ ತುದಿ ಬಿಗಿಯಾಗಿದ್ದರೆ ಅದು ಉಬ್ಬಿ, ಸ್ಕ್ರೂವಿನ ಬಳಿ ಜಾರುವಾಗ ಸದ್ದು ಬರುತ್ತದೆ. ಪಟ್ಟಿಯನ್ನು ನಡುವಿನಲ್ಲಿ ಬಿಗಿದು, ತುದಿಗಳ ಕಡೆಯ ಸ್ಕ್ರೂ ರಂಧ್ರಗಳನ್ನು ಉದ್ದುದ್ದವಾಗಿ ಮಾಡಿಸಿ. ಎರಡು ಪಟ್ಟಿ ಸೇರುವ ಕಡೆ ತುದಿಗೆ ತುದಿ ತಾಗಿಸದೆ 50 ಮಿ.ಮೀ. ಒಂದರ ಮೇಲೊಂದು ಬರಲಿ. ಬಿಸಿಲೂರಿನಲ್ಲಿ ಕಡು ಬಣ್ಣದ ಪಟ್ಟಿಗಿಂತ ತಿಳಿ ಬಣ್ಣದ್ದು ಕಡಿಮೆ ಕಾಯುತ್ತದೆ.

ಇಲಿಗಳ ವಿಷಯದಲ್ಲಿ ಸಡಿಲ ಬಿಡಬೇಡಿ. ಚಿಕ್ಕ ಇಲಿಗೆ 6 ಮಿ.ಮೀ.ಗಿಂತ ದೊಡ್ಡ ಸಂದು ಸಾಕು, ಫೋಮನ್ನು ಅದು ಕಡಿದು ಹಾಕುತ್ತದೆ. ಶೀಟಿನ ಬುಡದಲ್ಲೂ ಬಾಗಿಲಿನ ತಲೆಯಲ್ಲೂ ಅಲೆಗಳ ಕಿಂಡಿಗೆ ಮೊದಲು ಸ್ಟೀಲಿನ ಜಾಲರಿ, ಆಮೇಲೆ ಧೂಳಿಗಾಗಿ ಅಲೆಯ ಆಕಾರದ ಫೋಮ್ ಪಟ್ಟಿ ಎಂಬ ಜೋಡಿ ನಿಮ್ಮಲ್ಲಿಗೆ ಸರಿಹೊಂದುತ್ತದೆ. ಮಳೆ ಕಡಿಮೆ ಇರುವುದರಿಂದ ನಿಮ್ಮ ಊರಿನ ಮಟ್ಟಿಗೆ ಬಾಗಿಲಿನ ತಲೆಯಲ್ಲಿಯೂ ಫೋಮ್ ಹಾಕಲು ನಮ್ಮ ಅಡ್ಡಿಯಿಲ್ಲ. ಮರದ ಚೌಕಟ್ಟಿಗೆ ಗೆದ್ದಲಿನ ಔಷಧಿ ಹೊಡೆಸಿದ್ದರೆ ಅದರಲ್ಲಿ ತಾಮ್ರದ ಅಂಶವಿದೆಯೇ ಎಂದು ವಿಚಾರಿಸಿ. ಇದ್ದರೆ ಮರಕ್ಕೂ ಪಟ್ಟಿಗೂ ನಡುವೆ ಬಿಟುಮೆನ್ ಹಾಳೆ ಅಥವಾ ದಪ್ಪ ಪ್ಲಾಸ್ಟಿಕ್ ಪಟ್ಟಿ ಇರಲೇಬೇಕು, ಇಲ್ಲವಾದರೆ ತೇವ ಬಂದಾಗ ತಾಮ್ರವು ತಗಡಿನ ಲೇಪವನ್ನು ತಿನ್ನುತ್ತದೆ.

ಬಾಗಿಲಿನ ಮೇಲಿನ ದೀಪಕ್ಕೆ ವೈರನ್ನು ಪಟ್ಟಿಯ ರಂಧ್ರದ ಮೂಲಕ ಎಳೆದಿರುವುದಾಗಿಯೂ ಬರೆದಿದ್ದೀರಿ. ಇದನ್ನು ಉಳಿದೆಲ್ಲ ಕೆಲಸಗಳಿಗಿಂತ ಮೊದಲು ಸರಿಪಡಿಸಿ. ಹಿಗ್ಗಿ ಕುಗ್ಗುವ ತಗಡಿನ ಅಂಚು ದಿನದಿನವೂ ವೈರಿನ ಮೇಲ್ಪದರವನ್ನು ಉಜ್ಜುತ್ತದೆ. ಪದರ ಸೀಳಿದ ದಿನ ಬಾಗಿಲಿನಿಂದ ಹಿಡಿದು ಇಡೀ ಗೋಡೆಗೆ ವಿದ್ಯುತ್ ಹರಿಯುತ್ತದೆ. ವೈರು ಪಿ.ವಿ.ಸಿ. ಪೈಪಿನೊಳಗೆ ಬರಲಿ, ತಗಡನ್ನು ದಾಟುವ ಕಡೆ ರಬ್ಬರ್ ಬಳೆ ಇರಲಿ, ಶೆಡ್ಡಿನ ಕಬ್ಬಿಣದ ಚೌಕಟ್ಟಿಗೆ ಸರಿಯಾದ ಅರ್ಥಿಂಗ್ ಕೊಡಿಸಿ, ಮೀಟರಿನ ಬಳಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ವಿದ್ಯುತ್ ಸೋರಿದೊಡನೆ ಸಂಪರ್ಕವನ್ನು ತಾನೇ ಕಡಿಯುವ ಸ್ವಿಚ್ಚು) ಕೂರಿಸಿ. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಆಗಲಿ, ಅಲ್ಲಿಯವರೆಗೆ ಆ ದೀಪದ ಫ್ಯೂಸ್ ತೆಗೆದಿಟ್ಟಿರಿ.